ಬಂಗುಡೆಯ ಕೇಡೂ ಬೆಳಗುವ ಬಣ್ಣವೂ

ದಿಲ್ಲಿ ಕರ್ನಾಟಕ ಸಂಘದ ಕಟ್ಟಡವಿರುವ ಆರ್.ಕೆ.ಪುರಂ ಬಡಾವಣೆಯಲ್ಲಿ ನಮ್ಮವರು ಕೆಲವರು ಸೇರಿ ನಡೆಸಿಕೊಂಡು ಬಂದಿರುವ ಒಂದು ಸಣ್ಣ ಊಟದ ಕೂಟವಿದೆ. ಸರಕಾರಿ ಕಚೇರಿಗಳ ಗುಮಾಸ್ತರು ಮೂವರು, ಹೋಟೆಲುಗಳಲ್ಲಿ ದುಡಿಯುವವರು ನಾಲ್ವರು. ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವರೇ ಹೆಚ್ಚು. ಅಡುಗೆಯ ಹೊಣೆ ಕುಂದಾಪುರದ ಕಡೆಯ ಒಬ್ಬ ಹಿರಿಯರದು. ಎಲ್ಲರೂ ಅವರನ್ನು ಅಣ್ಣಯ್ಯ ಎಂದೇ ಕರೆಯುವುದರಿಂದ ನಾವೂ ಹಾಗೆಯೇ ಕರೆಯುತ್ತೇವೆ. ಆದಿತ್ಯವಾರ ಬಂದಿತೆಂದರೆ ಅಲ್ಲಿ ಮೀನಿನ ಸಾರು ಇರಲೇಬೇಕು. ಒಮ್ಮೊಮ್ಮೆ ನಮಗೂ ಕರೆ ಬರುತ್ತದೆ.

ಆಗಸ್ಟ್ ತಿಂಗಳಿನ ಅಂತಹುದೊಂದು ಆದಿತ್ಯವಾರ ನಡೆದ ಸಂಗತಿಯಿಂದಲೇ ಈ ಲೇಖನವನ್ನು ಆರಂಭಿಸಬೇಕಾಗಿದೆ. ಪಡುಗಡಲಿನಲ್ಲಿ ಜೂನ್, ಜುಲೈ ತಿಂಗಳುಗಳ ಯಂತ್ರದೋಣಿಗಳ ನಿಷೇಧ ಮುಗಿದು ಬಂಗುಡೆ ಮತ್ತೆ ಕಾಣಿಸಿಕೊಂಡಿತ್ತು. ಬೆಳಗಿನಲ್ಲಿ ಕೊಂಡು ತಂದ ಮೀನನ್ನು ಮಧ್ಯಾಹ್ನಕ್ಕೆ ಬಡಿಸಿದರು. ಎರಡು ತುತ್ತು ಉಣ್ಣುವಷ್ಟರಲ್ಲಿ ಒಬ್ಬ ಗುಮಾಸ್ತರು, "ಅಣ್ಣಯ್ಯ, ಇವತ್ತು ಕಾಳುಮೆಣಸು ಜಾಸ್ತಿ ಬಿದ್ದಿದೆಯಲ್ಲ, ನಾಲಗೆ ಚುರುಚುರು ಅನ್ನುತ್ತಿದೆ" ಎಂದರು. ಅರ್ಧ ಗಂಟೆ ಕಳೆಯುವುದರೊಳಗೆ ಅವರ ಮುಖ, ಕತ್ತು ಕೆಂಡದಂತೆ ಕೆಂಪಾದವು. ಇನ್ನೊಬ್ಬರಿಗೆ ತಲೆ ಸಿಡಿಯುವ ನೋವು, ಎದೆಬಡಿತ, ಮೈಮೇಲೆ ದದ್ದುಗಳೆದ್ದವು. ಉಳಿದ ಐವರಿಗೆ ಏನೂ ಆಗಲಿಲ್ಲ. ಒಂದೇ ಪಾತ್ರೆಯ ಸಾರು, ಒಂದೇ ಅಂಗಡಿಯ ಮೀನು!

ಎಲ್ಲರ ಕಣ್ಣೂ ಅಣ್ಣಯ್ಯನ ಕಡೆಗೆ ತಿರುಗಿದುದು ಸಹಜವೇ. "ಮೀನು ನಾತ ಇರ್ಲಿಲ್ಲ ಮಾರಾಯ್ರೆ, ಕಿವಿರು ಎತ್ತಿ ನಾನೇ ಮೂಸಿ ನೋಡಿದ್ದೆ. ಚೆನ್ನಾಗಿ ಬೇಯಿಸಿದ್ದೇನೆ ಸಹ" ಎಂದು ಅವರು ಮತ್ತೆ ಮತ್ತೆ ಹೇಳಿದರು. ನಂಬಿದವರು ಕಡಮೆ. ಹಿಂದೊಮ್ಮೆ ಬೇರೊಂದು ಊರಿನ ಹೋಟೆಲಿನಲ್ಲಿ ಹೀಗೆಯೇ ಗಿರಾಕಿಗಳ ಮುಖ ಕೆಂಪಾಗಿ, ಮಸಾಲೆಗೆ ಏನೋ ಬಣ್ಣ ಬೆರೆಸಿದನೆಂಬ ಆರೋಪದ ಮೇಲೆ ತಾವು ಕೆಲಸ ಕಳೆದುಕೊಂಡುದನ್ನು ಅಂದು ಸಂಜೆ ಅವರು ನಮಗೆ ಹೇಳಿದರು. ರೋಗಿಗಳಿಬ್ಬರನ್ನು ನೋಡಿದ ವೈದ್ಯರು ಅಲರ್ಜಿಗೆ ಕೊಡುವ ಗುಳಿಗೆಯನ್ನೇ ಕೊಟ್ಟರು. ಆದರೆ ಇದು ಅಲರ್ಜಿಯಲ್ಲ, ಮಸಾಲೆಯ ತಪ್ಪೂ ಅಲ್ಲ, ಮೀನಿನಲ್ಲಿಯೇ ಹುಟ್ಟಿಕೊಂಡ ಹಿಸ್ಟಮೀನ್ ಎಂಬ ವಸ್ತುವಿನ ಕೆಲಸ ಎಂದು ಬಿಡಿಸಿ ಹೇಳಿದರು. ರಾತ್ರಿಯ ವೇಳೆಗೆ ಇಬ್ಬರೂ ಚೇತರಿಸಿಕೊಂಡರು. ಅಣ್ಣಯ್ಯ ಮಾತ್ರ ಎರಡು ತಿಂಗಳು ಮೀನಿಗೆ ಕೈಹಚ್ಚಲಿಲ್ಲ.

ಅಣ್ಣಯ್ಯ ಹೇಳಿದ ಎರಡು ಮಾತುಗಳೂ, ಅಂದರೆ ನಾತವಿರಲಿಲ್ಲ ಎಂಬುದೂ ಚೆನ್ನಾಗಿ ಬೇಯಿಸಿದ್ದೇನೆ ಎಂಬುದೂ, ಸತ್ಯವೇ ಆಗಿರಬಹುದು. ಹಿಸ್ಟಮೀನಿಗೆ ವಾಸನೆಯಿಲ್ಲ. ಕುದಿಸಿದರೂ ಹುರಿದರೂ ಅದು ನಾಶವಾಗುವುದಿಲ್ಲ. ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿಸಿದರೂ, ಡಬ್ಬಿಯಲ್ಲಿ ತುಂಬಿ ಮೊಹರು ಮಾಡಿದರೂ ಒಮ್ಮೆ ಹುಟ್ಟಿದುದು ಅಲ್ಲಿಯೇ ಇರುತ್ತದೆ. ಮೂಗು, ಬೆಂಕಿ ಎಂಬ ನಮ್ಮ ಅಡುಗೆಮನೆಯ ಎರಡು ಕಾವಲುಗಾರರೂ ಇಲ್ಲಿ ಸೋಲುತ್ತಾರೆ.

ಬಂಗುಡೆ, ಅಂಜಲ್, ಟ್ಯೂನಾ ಮೊದಲಾದವು ಒಂದೇ ಕುಲದ ಮೀನುಗಳು. ನಮ್ಮ ಬೂತಾಯಿ ಬೇರೆ ಕುಲದ್ದಾದರೂ ಈ ವಿಷಯದಲ್ಲಿ ಅವುಗಳ ಬಂಧುವೇ. ಇವುಗಳ ಮಾಂಸದಲ್ಲಿ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಅದು ವಿಷವಲ್ಲ, ಪೋಷಕಾಂಶವೇ. ಮೀನು ಸತ್ತ ಬಳಿಕ ಅದರ ಕಿವಿರಿನಲ್ಲಿಯೂ ಕರುಳಿನಲ್ಲಿಯೂ ಇರುವ ಕೆಲವು ಬ್ಯಾಕ್ಟೀರಿಯಗಳು ಬಿಸಿಯ ಸೌಕರ್ಯ ದೊರೆತೊಡನೆ ವೃದ್ಧಿಗೊಂಡು, ತಮ್ಮ ಕಿಣ್ವದ ಬಲದಿಂದ ಹಿಸ್ಟಿಡೀನನ್ನು ಹಿಸ್ಟಮೀನನ್ನಾಗಿ ಮಾರ್ಪಡಿಸುತ್ತವೆ. ಮಂಜುಗಡ್ಡೆಯ ಶೀತದಲ್ಲಿ ಈ ಕೆಲಸ ಬಹಳ ನಿಧಾನ. ದಿಲ್ಲಿಯ ಆಗಸ್ಟ್ ತಿಂಗಳಿನ ಸೆಕೆಯಲ್ಲಿ ಕೆಲವೇ ಗಂಟೆಗಳು ಸಾಕು. ಕಿಣ್ವ ಒಮ್ಮೆ ಹುಟ್ಟಿದ ಮೇಲೆ ಬ್ಯಾಕ್ಟೀರಿಯ ಸತ್ತರೂ ಅದು ತನ್ನ ಕೆಲಸವನ್ನು ಬಿಡದು. ಆದಕಾರಣ, ಬಿಸಿಲಿನಲ್ಲಿ ಎರಡು ತಾಸು ಬಿದ್ದಿದ್ದ ಮೀನನ್ನು ಮತ್ತೆ ಮಂಜುಗಡ್ಡೆಯಲ್ಲಿ ಹೂತಿಟ್ಟು ಹೊಸದೆಂದು ತೋರಿಸಿದರೆ ಕಣ್ಣಿಗೆ ಹೊಸದಾಗಿಯೇ ಕಾಣುವುದು.

ಒಂದೇ ಪಾತ್ರೆಯಲ್ಲಿ ಉಂಡವರಲ್ಲಿ ಇಬ್ಬರಿಗೆ ಮಾತ್ರ ತೊಂದರೆಯಾದುದೇಕೆ? ಒಂದು ಬುಟ್ಟಿಯ ಮೀನುಗಳೆಲ್ಲ ಒಂದೇ ರೀತಿಯಾಗಿ ಕೆಡುವುದಿಲ್ಲ. ಬುಟ್ಟಿಯ ಮೇಲುಭಾಗದಲ್ಲಿ ಬಿಸಿಲಿಗೆ ಸಿಕ್ಕ ನಾಲ್ಕು ಮೀನು ವಿಷವಾಗಿ, ಅಡಿಯಲ್ಲಿ ಮಂಜಿನೊಳಗಿದ್ದವು ನಿರಪಾಯವಾಗಿರಬಹುದು. ಒಂದೇ ಮೀನಿನ ಒಂದು ಭಾಗಕ್ಕೂ ಇನ್ನೊಂದು ಭಾಗಕ್ಕೂ ವ್ಯತ್ಯಾಸವಿರುವುದುಂಟು. ಈ ಕಾರಣದಿಂದಲೇ ಯೂರೋಪಿನ ಕಾನೂನು ಒಂದು ಸರಕಿನಿಂದ ಒಂಬತ್ತು ಮಾದರಿಗಳನ್ನು ತೆಗೆದು ಪರೀಕ್ಷಿಸಬೇಕೆನ್ನುತ್ತದೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಸಂಹಿತೆಯು ಒಂದು ಕಿಲೋಗ್ರಾಂ ಮೀನಿನಲ್ಲಿ 200 ಮಿಲಿಗ್ರಾಂ ಹಿಸ್ಟಮೀನನ್ನು ಆರೋಗ್ಯದ ದೃಷ್ಟಿಯ ಮೇರೆಯೆಂದು ಗೊತ್ತುಪಡಿಸಿದೆ.

ಹಾಗಾದರೆ ನಮ್ಮ ಮೂಗು ಹಿಡಿಯುವ ಆ ನಾತ ಯಾವುದು? ಅದು ಬೇರೆಯೇ ಒಂದು ಕಥೆ. ಕಡಲ ನೀರಿನ ಉಪ್ಪಿಗೆ ಎದುರಾಗಿ ತನ್ನ ಮೈಯನ್ನು ಕಾಪಾಡಿಕೊಳ್ಳಲು ಕಡಲ ಮೀನು ಟ್ರೈಮೀಥೈಲ್ ಅಮೈನ್ ಆಕ್ಸೈಡ್ ಎಂಬ ವಾಸನೆಯಿಲ್ಲದ ವಸ್ತುವನ್ನು ಮೈಯಲ್ಲಿ ಇರಿಸಿಕೊಂಡಿರುತ್ತದೆ. ಸತ್ತ ಮೇಲೆ ಬ್ಯಾಕ್ಟೀರಿಯಗಳು ಅದರ ಆಮ್ಲಜನಕವನ್ನು ಕಿತ್ತುಕೊಂಡು ಟ್ರೈಮೀಥೈಲ್ ಅಮೈನನ್ನು ಉಳಿಸುತ್ತವೆ. ಮೀನುಮಾರುಕಟ್ಟೆಯ ಹಳಸಿದ ನಾತ ಇದರದೇ. ಇದು ಹಾರುವ ವಸ್ತು. ಗಾಳಿಯಲ್ಲಿ ಬೆರೆತು ಮೂಗನ್ನು ಮುಟ್ಟುತ್ತದೆ. ರೋಹು, ಕಾಟ್ಲಾ ಮುಂತಾದ ಸಿಹಿನೀರಿನ ಮೀನುಗಳಲ್ಲಿ ಈ ಆಕ್ಸೈಡು ಅತ್ಯಲ್ಪವಾದುದರಿಂದ ಅವು ಕೆಟ್ಟಾಗಿನ ನಾತವೇ ಬೇರೆ. ಇನ್ನು ಶಾರ್ಕು, ತೊರಕೆಗಳ ಮಾಂಸದಲ್ಲಿ ಯೂರಿಯಾ ತುಂಬಿರುವುದರಿಂದ ಅವು ಬಹುಬೇಗನೆ ಅಮೋನಿಯದ ವಾಸನೆಯನ್ನು ಬೀರುತ್ತವೆ. ಐ.ಎನ್.ಎ. ಮಾರುಕಟ್ಟೆಯಲ್ಲಿ ಕಡಲ ಮೀನೂ ಕೆರೆಯ ಮೀನೂ ಒಂದೇ ಸಾಲಿನಲ್ಲಿ ಬಿದ್ದಿರುವಾಗ, ಒಂದೇ ಮೂಗಿನಿಂದ ಎಲ್ಲವನ್ನೂ ಅಳೆಯುವುದು ಸುಲಭವಲ್ಲವೆಂದು ಇದರಿಂದ ತಿಳಿಯುತ್ತದೆ.

ಮೂಗು ಸೋತಲ್ಲಿ ಬೆಳಕನ್ನು ಕರೆಯಬಹುದೆಂಬುದು ರಸಾಯನಶಾಸ್ತ್ರಜ್ಞರ ಉಪಾಯ. ಇದನ್ನು ತಿಳಿಯಲು ವಾಚಕರು ದೂರ ಹೋಗಬೇಕಾಗಿಲ್ಲ. ಹೋಟೆಲಿನ ಗಲ್ಲಾದಲ್ಲಿ ಕುಳಿತವರೂ ಬ್ಯಾಂಕಿನ ಗುಮಾಸ್ತರೂ ಖೋಟಾ ನೋಟನ್ನು ಪತ್ತೆಹಚ್ಚಲು ನೇರಳೆ ಬಣ್ಣದ ಒಂದು ಪುಟ್ಟ ದೀಪವನ್ನು ಇಟ್ಟುಕೊಂಡಿರುವುದನ್ನು ಕಂಡಿದ್ದೀರಿ. ಅದರ ಕೆಳಗೆ ನೋಟನ್ನು ಹಿಡಿದರೆ ಬರಿಗಣ್ಣಿಗೆ ಕಾಣದಿದ್ದ ಎಳೆಗಳು ಥಟ್ಟನೆ ಹೊಳೆಯುತ್ತವೆ, ಸಂಖ್ಯೆಯ ಅಚ್ಚೂ ಬೆಳಗುತ್ತದೆ. ದೀಪದಿಂದ ಹೊರಡುವುದು ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಎಳೆಯೊಳಗಿನ ಬಣ್ಣ ಅದನ್ನು ನುಂಗಿ ಕಣ್ಣಿಗೆ ಕಾಣುವ ಬೆಳಕನ್ನಾಗಿ ಹೊರಚೆಲ್ಲುತ್ತದೆ. ಇದನ್ನೇ ಪ್ರತಿದೀಪ್ತಿ ಎನ್ನುತ್ತಾರೆ. ಹಿಂದೆ ಮನೆಮನೆಗಳಲ್ಲಿ ಉರಿಯುತ್ತಿದ್ದ ಉದ್ದನೆಯ ಟ್ಯೂಬ್‌ಲೈಟಿನ ಒಳಗೋಡೆಗೆ ಬಳಿದ ಬಿಳಿಯ ಪುಡಿಯ ಕೆಲಸವೂ ಇದೇ ಆಗಿತ್ತು. ಕ್ವಿನೈನಿನ ದ್ರಾವಣ ನೀಲಿಯಾಗಿ ಮಿನುಗುವುದನ್ನು ಪರಿಶೀಲಿಸಿದ ಇಂಗ್ಲೆಂಡಿನ ಸ್ಟೋಕ್ಸ್ ಮಹಾಶಯರು 1852ರಲ್ಲಿ ಇದಕ್ಕೆ ಫ್ಲೋರೆಸೆನ್ಸ್ ಎಂಬ ಹೆಸರನ್ನಿತ್ತರು.

ಈಗ ಇಂತಹ ಬಣ್ಣವೊಂದನ್ನು ಕೆಟ್ಟ ಮೀನಿನ ವಸ್ತು ಸೋಕಿದಾಗ ಮಾತ್ರ ಬೆಳಗುವಂತೆ, ಇಲ್ಲವೆ ಸೋಕಿದೊಡನೆ ಆರಿಹೋಗುವಂತೆ ಮಾಡಬಹುದಾದರೆ? ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ತಯಾರಿಸಿದ ಫ್ಲೋರೆಸೀನ್ ಎಂಬ ಬಣ್ಣವನ್ನೇ ತೆಗೆದುಕೊಳ್ಳೋಣ. ಹುಳಿಯಿರುವಲ್ಲಿ ಅದು ಮಂಕು. ಕ್ಷಾರವಿರುವಲ್ಲಿ ಉಜ್ವಲವಾದ ಹಸುರು. ಅಮೋನಿಯವೂ ಟ್ರೈಮೀಥೈಲ್ ಅಮೈನೂ ಕ್ಷಾರಗಳೇ. ಆದುದರಿಂದ ಸ್ವಲ್ಪ ಹುಳಿಯೊಡನೆ ಇಂತಹ ಬಣ್ಣವನ್ನು ಹೀರಿಸಿದ ಕಾಗದದ ಚೂರನ್ನು ಮೀನಿನ ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿಟ್ಟರೆ, ನಾತದ ಆವಿ ತುಂಬಿದಂತೆಲ್ಲ ಹುಳಿ ಮುರಿದು ಕಾಗದ ನೇರಳೆ ದೀಪದ ಕೆಳಗೆ ಬೆಳಗತೊಡಗುವುದು. ತತ್ತ್ವ ಇಷ್ಟೇ. ಆದರೆ ಸಾಮಾನ್ಯ ಬಣ್ಣಗಳಿಗೆ ಒಂದು ದುರ್ಗುಣವಿದೆ. ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವಾಗ ಚೆನ್ನಾಗಿ ಹೊಳೆಯುವ ಅವುಗಳ ಅಣುಗಳು ಕಾಗದದ ಮೇಲೆ ಒತ್ತೊತ್ತಾಗಿ ಕುಳಿತಾಗ ಮಂಕಾಗಿಬಿಡುತ್ತವೆ.

ಹಾಂಗ್‌ಕಾಂಗ್ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಬೆನ್ ಝೋಂಗ್ ಟಾಂಗ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ 2001ರಲ್ಲಿ ಇದಕ್ಕೆ ತದ್ವಿರುದ್ಧವಾದ ಒಂದು ಜಾತಿಯ ಬಣ್ಣವನ್ನು ಲೋಕಕ್ಕೆ ತಿಳಿಸಿದರು. ಇವುಗಳ ಅಣುಗಳು ಒಂಟಿಯಾಗಿರುವಾಗ ಕೈಕಾಲು ತಿರುಗಿಸುತ್ತ ನುಂಗಿದ ಶಕ್ತಿಯನ್ನೆಲ್ಲ ಆ ಆಟದಲ್ಲಿಯೇ ಕಳೆಯುತ್ತವೆ. ಒತ್ತೊತ್ತಾಗಿ ಸೇರಿದಾಗ, ಕಚೇರಿಯ ವೇಳೆಯ ದಿಲ್ಲಿಯ ಬಸ್ಸಿನಲ್ಲಿ ನಿಂತ ನಮ್ಮ ಹಾಗೆ, ಕೈಕಾಲು ಆಡಿಸಲು ಎಡೆಯಿಲ್ಲದೆ ಆ ಶಕ್ತಿಯನ್ನು ಬೆಳಕಾಗಿ ಹೊರಹಾಕುತ್ತವೆ. (ಬಸ್ಸಿನಲ್ಲಿ ನಾವು ಹೊರಹಾಕುವುದು ಬೆಳಕನ್ನಲ್ಲವೆಂಬುದು ಬೇರೆ ಮಾತು.) ಕಾಗದದ ಚೂರಿನ ಮೇಲೆ ಬಳಿಯಲು ಇಂತಹ ಬಣ್ಣವೇ ಯೋಗ್ಯವೆಂದು ಹಲವು ದೇಶಗಳ ಪ್ರಯೋಗಶಾಲೆಗಳು ಅಮೈನಿನ ಆವಿಗೆ ಬಣ್ಣ ಬದಲಿಸುವ ಪಟ್ಟಿಗಳನ್ನು ಸಿದ್ಧಪಡಿಸಿ, ಮೀನು ಸಿಗಡಿಗಳೊಡನೆ ಇಟ್ಟು ಪರೀಕ್ಷಿಸುತ್ತಿವೆ.

ಆದರೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇದನ್ನು ಮರೆತು ಬರೆದ ಉತ್ಸಾಹದ ವರದಿಗಳು ಬಹಳ. ಮುಚ್ಚಳಕ್ಕೆ ಅಂಟಿಸಿದ ಪಟ್ಟಿ ಹಿಡಿಯುವುದು ಹಾರುವ ಅಮೈನುಗಳನ್ನು. ಅಂದರೆ ಹೆಚ್ಚುಕಡಮೆ ಒಳ್ಳೆಯ ಮೂಗು ಹಿಡಿಯುವುದನ್ನೇ, ಇನ್ನಷ್ಟು ಬೇಗನೆ, ನೆಗಡಿಯಿಲ್ಲದೆ. ಹಿಸ್ಟಮೀನು ಹಾರುವುದಿಲ್ಲ, ಮಾಂಸದಲ್ಲಿಯೇ ಕುಳಿತಿರುತ್ತದೆ. ಅಣ್ಣಯ್ಯನ ಆ ಆದಿತ್ಯವಾರದ ಬಂಗುಡೆಯ ಮೇಲೆ ಇಂತಹ ಪಟ್ಟಿಯನ್ನು ಇಟ್ಟಿದ್ದರೂ ಅದು ಸುಮ್ಮನಿದ್ದಿರಬಹುದು. ಹಿಸ್ಟಮೀನನ್ನು ಕಾಣಬೇಕಾದರೆ ಮೀನಿನ ತುಂಡನ್ನು ಅರೆದು, ರಸ ತೆಗೆದು, ಆ ರಸಕ್ಕೆ ಬಣ್ಣವನ್ನು ಸೇರಿಸಬೇಕು.

ಅದಕ್ಕೂ ದಾರಿಯಿದೆ, ಅದು ಹೊಸದೂ ಅಲ್ಲ. ಅಮೆರಿಕದಲ್ಲಿ ಶೋರ್, ಬರ್ಕ್‌ಹಾಲ್ಟರ್, ಕೋನ್ ಎಂಬ ಮೂವರು 1959ರಲ್ಲಿಯೇ ಆರ್ಥೋ ಥಾಲಾಲ್ಡಿಹೈಡ್ ಎಂಬ ರಾಸಾಯನಿಕವನ್ನು ಹಿಸ್ಟಮೀನಿನೊಡನೆ ಕೂಡಿಸಿ, ಅದು ನೇರಳಾತೀತ ಕಿರಣದಲ್ಲಿ ಬೆಳಗುವುದನ್ನು ಅಳೆದು ತೋರಿಸಿದರು. ಅವರ ಗಮನ ಇದ್ದುದು ಪ್ರಾಣಿಗಳ ಅಂಗಾಂಶದ ಮೇಲೆ, ಮೀನಿನ ಸಾರಿನ ಮೇಲಲ್ಲ. ಅದೇ ತತ್ತ್ವ ಮೀನಿಗೂ ಒದಗಿ, ಇಂದಿಗೂ ಪ್ರಯೋಗಶಾಲೆಗಳಲ್ಲಿ ಅಧಿಕೃತ ವಿಧಾನವಾಗಿದೆ. ಜಪಾನಿನ ನಕಮುರ, ಸಂಜಿ, ತನಕ ಎಂಬವರು 2011ರಲ್ಲಿ, ಮೇಲೆ ಹೇಳಿದ ಒತ್ತೊತ್ತಾದರೆ ಬೆಳಗುವ ಜಾತಿಯ ಬಣ್ಣದಿಂದ ಟ್ಯೂನಾ ಮೀನಿನಲ್ಲಿ ಹಿಸ್ಟಮೀನನ್ನು ಗುರುತಿಸುವ ಬಗೆಯನ್ನು ಪ್ರಕಟಿಸಿದರು. ಹಿಸ್ಟಮೀನಿಗೆ ಹಿಡಿದುಕೊಳ್ಳುವ ಎರಡು ಕೈಗಳುಂಟು. ಅದು ಬಣ್ಣದ ಅಣುಗಳನ್ನು ಒಂದಕ್ಕೊಂದು ಸೇರಿಸಿ ಗುಂಪು ಮಾಡುತ್ತದೆ, ಗುಂಪಾದೊಡನೆ ಬೆಳಕು.

ನಮ್ಮ ದೇಶದಲ್ಲಿ ಏನಾಗಿದೆಯೆಂದು ಕೇಳುವಿರಿ. 1957ರಲ್ಲಿ ಸ್ಥಾಪಿತವಾದ, ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು ಅಮೋನಿಯವನ್ನೂ ಫಾರ್ಮಾಲಿನನ್ನೂ ಸ್ಥಳದಲ್ಲಿಯೇ ಪತ್ತೆಹಚ್ಚುವ ಕಾಗದದ ಪಟ್ಟಿಗಳನ್ನು ಹೊರತಂದಿದೆ. ಅವು ಬೆಳಗುವ ಪಟ್ಟಿಗಳಲ್ಲ, ಹಗಲಿನ ಬೆಳಕಿನಲ್ಲಿಯೇ ಬಣ್ಣ ಬದಲಿಸುವಂಥವು. 2018ರ ಜೂನ್ ತಿಂಗಳಿನಲ್ಲಿ ಕೇರಳ ಸರಕಾರ ಸಾಗರ್ ರಾಣಿ ಎಂಬ ಕಾರ್ಯಾಚರಣೆಯಲ್ಲಿ ಇವುಗಳ ನೆರವಿನಿಂದ ಗಡಿಯ ತಪಾಸಣಾ ಠಾಣೆಗಳಲ್ಲಿ ಲಾರಿಗಟ್ಟಲೆ ಮೀನನ್ನು ತಡೆಹಿಡಿಯಿತು. ಮರುತಿಂಗಳು ಗೋವಾದಲ್ಲಿಯೂ ಗದ್ದಲವೆದ್ದು ಹೊರರಾಜ್ಯದ ಮೀನಿಗೆ ಕೆಲಕಾಲ ತಡೆಯಾಯಿತು. ಆ ವರ್ಷದ ಕೊನೆಯಲ್ಲಿ ನೋಂದಣಿಯಿಲ್ಲದ, ಶೀತಲ ಪೆಟ್ಟಿಗೆಯಿಲ್ಲದ ವಾಹನಗಳನ್ನು ಗೋವಾ ಒಳಬಿಡದಿದ್ದಾಗ ಕಾರವಾರದ ಸಣ್ಣ ವ್ಯಾಪಾರಿಗಳು ಪಟ್ಟ ಕಷ್ಟವನ್ನು ಊರಿನ ಪತ್ರಿಕೆಗಳನ್ನು ಓದಿದವರು ನೆನಪಿನಲ್ಲಿಟ್ಟಿರಬಹುದು. ನಮ್ಮ ಅಭಿಪ್ರಾಯದಲ್ಲಿ ನಿಯಮ ಸರಿಯಾದುದೇ. ಆದರೆ ಶೀತಲ ಲಾರಿಯನ್ನು ಕೊಳ್ಳುವ ಶಕ್ತಿ ಯಾರಿಗಿದೆಯೆಂಬುದನ್ನು ಗೊತ್ತುಮಾಡಿಕೊಳ್ಳದೆ ಹಾಕಿದ ನಿಯಮದ ಭಾರ ಬುಟ್ಟಿ ಹೊತ್ತವರ ತಲೆಯ ಮೇಲೆಯೇ ಬೀಳುತ್ತದೆ.

ಫಾರ್ಮಾಲಿನಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದು ಅಮೋನಿಯದೊಡನೆ ಕೂಡಿಕೊಂಡು ಬೇರೊಂದು ವಸ್ತುವಾಗಿಬಿಡುವುದರಿಂದ ನಾತವನ್ನು ಅಡಗಿಸುತ್ತದೆ. ಹಾರುವ ಅಮೈನುಗಳನ್ನು ಮಾತ್ರ ನೋಡುವ ಪಟ್ಟಿ, ಅದು ಬೆಳಗುವುದೇ ಆಗಲಿ ಬಣ್ಣ ಬದಲಿಸುವುದೇ ಆಗಲಿ, ಅಂತಹ ಮೀನನ್ನು ಹೊಸದೆಂದು ಹೇಳಿ ಮೋಸಹೋಗಬಹುದು. ಎರಡು ಪ್ರಶ್ನೆಗೆ ಎರಡು ಪಟ್ಟಿ ಬೇಕೆಂಬುದು ಇದರಿಂದಲೇ. ಹಾಗೆಂದು ಫಾರ್ಮಾಲ್ಡಿಹೈಡಿನ ಸುಳಿವು ಕಂಡೊಡನೆ ಮಾರುವವನನ್ನು ಕಳ್ಳನೆನ್ನುವಂತೆಯೂ ಇಲ್ಲ; ಬಹುಕಾಲ ಹೆಪ್ಪುಗಟ್ಟಿಸಿಟ್ಟ ಕೆಲವು ಕಡಲ ಮೀನುಗಳಲ್ಲಿ ಅದು ಅಲ್ಪ ಪ್ರಮಾಣದಲ್ಲಿ ತಾನಾಗಿಯೇ ಹುಟ್ಟುತ್ತದೆ.

ಬೆಳಗುವ ಪಟ್ಟಿಗಳು ಇನ್ನೂ ಗಾಜೀಪುರದ ಸಗಟು ಮಾರುಕಟ್ಟೆಯ ಕಟ್ಟೆಗೆ ಬಂದು ಕುಳಿತಿಲ್ಲದಿರುವುದಕ್ಕೆ ಕಾರಣಗಳಿವೆ. ಮಂಜುಗಡ್ಡೆ ಕರಗಿದ ನೀರಿನಲ್ಲಿ ಕಾಗದ ತೊಯ್ದರೆ ಬಣ್ಣ ಕದಡುತ್ತದೆ. ಸೆಕೆಯ ತೇವವೂ ಅದರ ಲೆಕ್ಕವನ್ನು ತಪ್ಪಿಸಬಲ್ಲುದು. ಮೀನಿನ ಜಾತಿಯಿಂದ ಜಾತಿಗೆ ಮೇರೆ ಬೇರೆ. ಆಹಾರಕ್ಕೆ ತಗಲುವ ಬಣ್ಣ ನಿರಪಾಯವೆಂದು ಸಿದ್ಧವಾಗಬೇಕು. ಕೊನೆಯದಾಗಿ, ಒಂದು ಪೆಟ್ಟಿಗೆಯ ಮೂಲೆಯಲ್ಲಿನ ಪಟ್ಟಿ ಆ ಮೂಲೆಯ ಸಾಕ್ಷ್ಯವನ್ನು ಮಾತ್ರ ಹೇಳಬಲ್ಲುದು.

ದಿಲ್ಲಿಗೆ ಬರುವ ಬಂಗುಡೆಯ ದಾರಿಯನ್ನೊಮ್ಮೆ ನೆನೆಯಿರಿ. ಮಲ್ಪೆಯಲ್ಲಿ ಪರ್ಸೀನ್ ದೋಣಿಯಿಂದ ಇಳಿದ ಮೀನು ಬುಟ್ಟಿಗೆ, ಬುಟ್ಟಿಯಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಲಾರಿಗೋ ರೈಲಿಗೋ ವಿಮಾನಕ್ಕೋ ಏರುತ್ತದೆ. ಕೊಂಕಣದ ದಾರಿಯ ರೈಲಿನಲ್ಲಿ ಮಂಗಳೂರಿನಿಂದ ನಿಜಾಮುದ್ದೀನಿಗೆ ಬರುವ ಮನುಷ್ಯನಿಗೇ ಸುಮಾರು 40 ಗಂಟೆ ಬೇಕು. ಆ ಬಳಿಕ ಸಗಟು ಮಾರುಕಟ್ಟೆ, ಚಿಲ್ಲರೆ ಅಂಗಡಿ, ಸೈಕಲ್ಲಿನ ಹಿಂದಿನ ಚೀಲ, ಅಡುಗೆಮನೆಯ ಕಟ್ಟೆ. ಈ ಕೈಗಳಲ್ಲಿ ಯಾವುದೋ ಒಂದು ಕೈ ಮಂಜುಗಡ್ಡೆಗೆ ನಾಲ್ಕು ಕಾಸು ಉಳಿಸಿದರೆ ಸಾಕು. ಆದರೆ ತಪ್ಪು ಹೊರುವುದು ಯಾವಾಗಲೂ ಕೊನೆಯ ಕೈ, ಸೌಟು ಹಿಡಿದ ಕೈ. ಹೋಟೆಲಿನ ಹಿಂಬಾಗಿಲಿನಲ್ಲಿ ಬೆಳಗಿನ ಐದು ಗಂಟೆಗೆ ಸರಕನ್ನು ಇಳಿಸಿಕೊಳ್ಳುವಾತ ರಸೀದಿಗೆ ರುಜು ಹಾಕುತ್ತಾನೆ, ತೂಕ ನೋಡುತ್ತಾನೆ. ಮೀನು ದಾರಿಯಲ್ಲಿ ಎಷ್ಟು ಹೊತ್ತು ಬಿಸಿಯಾಗಿತ್ತೆಂದು ನೋಡಲು ಅವನಲ್ಲಿ ಏನೂ ಇಲ್ಲ. ಬೆಳಗುವ ಬಣ್ಣದ ಪರೀಕ್ಷೆ ಅಗ್ಗವಾಗಿ ಬಂದ ದಿನ ಅದು ಮೊದಲು ಸೇರಬೇಕಾದುದು ಇವನ ಕೈಯನ್ನು ಎಂಬುದು ನಮ್ಮ ಖಚಿತವಾದ ಅಭಿಪ್ರಾಯ. ತಪಾಸಣಾಧಿಕಾರಿಯ ಪೆಟ್ಟಿಗೆಯಲ್ಲಿ ಮಾತ್ರ ಉಳಿದರೆ ಅದರಿಂದ ದಂಡ ಹೆಚ್ಚೀತು, ಸರಕನ್ನು ಬಾಗಿಲಿನಲ್ಲಿಯೇ ಹಿಂದಿರುಗಿಸುವ ಧೈರ್ಯ ಯಾರಿಗೂ ಬಾರದು.

1969ರಿಂದ ಮಂಗಳೂರಿನಲ್ಲಿ ನಡೆಯುತ್ತಿರುವ ಮೀನುಗಾರಿಕಾ ಕಾಲೇಜು ಈ ವಿಷಯವನ್ನು ಕುರಿತು ಹೋಟೆಲು ಕೆಲಸಗಾರರಿಗಾಗಿಯೇ ಎರಡು ಹಾಳೆಯ ಕನ್ನಡದ ಕರಪತ್ರವೊಂದನ್ನು ಹೊರತಂದು ಹೊರನಾಡಿನ ಸಂಘಗಳಿಗೆ ಕಳುಹಿಸಿದರೆ ಎಷ್ಟು ಉಪಕಾರವಾದೀತು! ಹಂಚುವ ಕೆಲಸವನ್ನು ನಾವು ವಹಿಸಿಕೊಳ್ಳುತ್ತೇವೆ.

ಅಷ್ಟರವರೆಗೆ ಕೈಯಲ್ಲಿರುವುದು ಮಂಜುಗಡ್ಡೆಯೊಂದೇ. ಬಂಗುಡೆ, ಬೂತಾಯಿ, ಅಂಜಲ್‌ಗಳನ್ನು ಮಂಜಿನ ಮೇಲಲ್ಲ, ಮಂಜಿನೊಳಗೆ ಹೂತಿಟ್ಟವರಿಂದ ಕೊಳ್ಳಿರಿ; ಮನೆಗೆ ತರುವಾಗಲೂ ಮಂಜಿನಲ್ಲಿಯೇ ತನ್ನಿರಿ; ತಂದೊಡನೆ ಕಿವಿರು ಕರುಳುಗಳನ್ನು ತೆಗೆದು ಶೀತದಲ್ಲಿಡಿ. ಹೆಪ್ಪುಗಟ್ಟಿದುದನ್ನು ರಾತ್ರಿಯೆಲ್ಲ ಕಟ್ಟೆಯ ಮೇಲೆ ಕರಗಲು ಬಿಡಬೇಡಿ. ತಿನ್ನುವಾಗ ಹಾಕದ ಮೆಣಸಿನ ಚುರುಕು ನಾಲಗೆಗೆ ತಗಲಿದರೆ ತಟ್ಟೆಯನ್ನು ಅಲ್ಲಿಗೇ ಬಿಟ್ಟು ಏಳಿರಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ, ಏನನ್ನು ತಿಂದಿರೆಂದು ತಪ್ಪದೆ ಹೇಳಿರಿ.

ಅಣ್ಣಯ್ಯ ಈಗ ಮತ್ತೆ ಮೀನು ತರುತ್ತಿದ್ದಾರೆ. ಜತೆಗೊಂದು ಥರ್ಮೋಕೋಲ್ ಪೆಟ್ಟಿಗೆಯನ್ನು ಒಯ್ಯುತ್ತಾರೆ. ಮಂಜಿನ ಖರ್ಚನ್ನು ಕೂಟದ ಲೆಕ್ಕದಲ್ಲಿ ಬೇರೆಯಾಗಿ ಬರೆಯುತ್ತಾರೆ. ನಾವು ಈ ಲೇಖನಕ್ಕಾಗಿ ಓದಿದುದನ್ನೆಲ್ಲ ಅವರಿಗೆ ಹೇಳಿದಾಗ ಸಾವಧಾನವಾಗಿ ಕೇಳಿ, ಮುಂದಿನ ಆದಿತ್ಯವಾರ ಕೂಟದ ಹುಡುಗನೊಬ್ಬನ ಹೋಟೆಲಿನ ಗಲ್ಲಾದಿಂದ ನೋಟು ನೋಡುವ ನೇರಳೆ ದೀಪವನ್ನು ಬೇಡಿ ತಂದಿದ್ದರು. "ಇದರಲ್ಲಿ ಮೀನು ನೋಡಲು ಆಗುತ್ತದಾ?" ಎಂದು ಕೇಳಿದರು. ಹಿಡಿದು ನೋಡಿದೆವು. ಮೂಳೆಗಳೂ ಅವುಗಳ ಅಂಚಿನ ಪೊರೆಗಳೂ ತಿಳಿನೀಲಿಯಾಗಿ ಮಿನುಗಿದವು. ಹೊಸ ಮೀನಿನಲ್ಲಿಯೂ ಅವು ಹಾಗೆಯೇ ಮಿನುಗುವವೆಂದೂ, ದೀಪವೊಂದೇ ಸಾಲದು, ಬಣ್ಣವೂ ಬೇಕೆಂದೂ ತಿಳಿಸಿದೆವು. "ಹಾಗಾದ್ರೆ ದೀಪ ಇದೆ, ಬಣ್ಣ ಬರ್ಬೇಕು ಅಷ್ಟೆ" ಎಂದು ಹೇಳಿ, ದೀಪವನ್ನು ಬಟ್ಟೆಯಲ್ಲಿ ಒರೆಸಿ ಹುಡುಗನ ಕೈಗೆ ಕೊಟ್ಟು, ಅವರು ಬಂಗುಡೆಯ ಕಿವಿರು ತೆಗೆಯಲು ಕುಳಿತರು.